ಹೊಸ ಗಿಟಾರಿನ ಹದ

ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ವರ್ಷ ಏಳು ಗಿಟಾರುಗಳಿದ್ದವು. ದಸರಾ ರಜೆ ಮುಗಿಯುವ ಹೊತ್ತಿಗೆ ಅವುಗಳಲ್ಲಿ ನಾಲ್ಕು ಮಂಚದ ಕೆಳಗೆ ಸೇರಿದ್ದವು. ಕಾರಣ ಕೇಳಿದರೆ ನಾಲ್ವರದೂ ಒಂದೇ ಉತ್ತರ: "ಬೆರಳು ನೋಯುತ್ತೆ. ಅದೆಲ್ಲ ನಮ್ಮಂಥವರಿಗಲ್ಲ." ಈ ಉತ್ತರವನ್ನು ನಾನು ಒಪ್ಪಲಾರೆ. ಅಡಕೆ ಸುಲಿಯುವ ಬೆರಳು, ಕಾಫಿ ಕೊಯ್ಯುವ ಬೆರಳು, ಮೂರು ಗಂಟೆಗಳ ಕಾಲ ಎಡೆಬಿಡದೆ ಪರೀಕ್ಷೆ ಬರೆಯುವ ಬೆರಳು ಆರು ತಂತಿಗಳಿಗೆ ಸೋಲುವುದೆಂದರೆ ನಂಬುವುದು ಕಷ್ಟ. ದೋಷ ಬೆರಳಿನದಲ್ಲ, ವಾದ್ಯದ್ದು. ವಾದ್ಯದ್ದು ಎಂದರೆ ಅದು ಕೆಟ್ಟ ವಾದ್ಯವೆಂದೂ ಅಲ್ಲ. ಅದಕ್ಕೆ ಇನ್ನೂ ಹದ ಬಂದಿಲ್ಲ, ಅಷ್ಟೆ. ಅಂಗಡಿಯಿಂದ ಬಂದ ಗಿಟಾರು ಗರಸಿಯಿಂದ ಬಂದ ಹೊಸ ಕತ್ತಿಯ ಹಾಗೆ. ಸಾಣೆ ಹಿಡಿಯುವ ಕೆಲಸ ಉಳಿದೇ ಇರುತ್ತದೆ.

ಹೊಸಬರ ಬೆರಳ ತುದಿ ಮೊದಲ ಮೂರು ನಾಲ್ಕು ವಾರ ನೋಯುವುದು ಸಹಜ. ಚರ್ಮ ಗಟ್ಟಿಯಾದ ಮೇಲೆ ಅದು ತಾನಾಗಿ ಹೋಗುತ್ತದೆ. ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ನೋವನ್ನು. ಮಣಿಕಟ್ಟು ಸೆಳೆಯುತ್ತದೆ, ಹೆಬ್ಬೆರಳಿನ ಬುಡ ಬಿಗಿಯುತ್ತದೆ, ಎಷ್ಟು ಒತ್ತಿದರೂ ಸ್ವರ ಸತ್ತಂತೆ ಕೇಳುತ್ತದೆ. ಈ ನೋವಿಗೆ ಅಭ್ಯಾಸ ಮದ್ದಲ್ಲ. ಅಭ್ಯಾಸ ಮಾಡಿದಷ್ಟೂ ಅದು ಹೆಚ್ಚುತ್ತದೆ.

ಮೊದಲು ಅಂಗಾಂಗಗಳ ಹೆಸರು ಹೇಳಿಬಿಡುತ್ತೇನೆ. ವೀಣೆಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಗಿಟಾರಿಗೂ ದಂಡಿಯಿದೆ, ಬಿರಡೆಗಳಿವೆ, ಮೆಟ್ಟಿಲುಗಳಿವೆ, ತಂತಿಗಳನ್ನು ಹೊರುವ ಕುದುರೆಯಿದೆ. ಇಂಗ್ಲಿಷಿನವರು ನಮ್ಮ ಕುದುರೆಯನ್ನು ಸೇತುವೆ ಎಂದು ಕರೆದು, ಆ ಸೇತುವೆಯ ಮೇಲೆ ಕೂರಿಸಿದ ಮೂಳೆಯ ಅಥವಾ ಪ್ಲಾಸ್ಟಿಕಿನ ತೆಳುಪಟ್ಟಿಗೆ ಜೀನು ಎಂಬರ್ಥದ ಸ್ಯಾಡಲ್ ಎಂದು ಹೆಸರಿಟ್ಟಿದ್ದಾರೆ. ಸೇತುವೆಗೆ ಜೀನು ಹಾಕುವುದಕ್ಕಿಂತ ಕುದುರೆಗೆ ಜೀನು ಹಾಕುವುದು ಯುಕ್ತವಾದ್ದರಿಂದ ನಾನು ಇಲ್ಲಿ ಕುದುರೆ ಮತ್ತು ಜೀನು ಎಂದೇ ಬರೆಯುತ್ತೇನೆ. ದಂಡಿಯ ಇನ್ನೊಂದು ತುದಿಯಲ್ಲಿ, ಬಿರಡೆಗಳಿಗೆ ಸ್ವಲ್ಪ ಈಚೆಗೆ, ಆರು ಕಚ್ಚುಗಳುಳ್ಳ ಇನ್ನೊಂದು ಪಟ್ಟಿಯಿದೆ. ಅದಕ್ಕೆ ನಟ್ಟು ಎಂದು ಹೆಸರು. ಬೋಲ್ಟಿನ ಜೊತೆಗಾರನಾದ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ತಂತಿ ನಟ್ಟಿನಿಂದ ಜೀನಿನವರೆಗೆ ಹಾಯುತ್ತದೆ. ತಂತಿಗೂ ಮೆಟ್ಟಿಲಿಗೂ ನಡುವೆ ಇರುವ ಅಂತರವೇ ತಂತಿಯ ಎತ್ತರ. ವಾದ್ಯ ಸುಲಭವೋ ಕಠಿಣವೋ ಎಂಬುದು ಬಹುಮಟ್ಟಿಗೆ ಈ ಎತ್ತರದ ಮೇಲೆ ನಿಂತಿದೆ.

ಬಟ್ಟೆ ಒಣಹಾಕುವ ಹಗ್ಗವನ್ನು ನೆನೆದುಕೊಳ್ಳಿ. ಹಗ್ಗದ ನಡುವೆ ಒಂದು ಬೆರಳಿಟ್ಟು ಒತ್ತಿದರೆ ಸುಲಭವಾಗಿ ಬಗ್ಗುತ್ತದೆ. ಅದನ್ನೇ ಕಂಬದಿಂದ ಒಂದು ಗೇಣು ದೂರದಲ್ಲಿ ಅಷ್ಟೇ ತಗ್ಗಿಸಲು ಹೋಗಿ. ಇಡೀ ಕೈಯ ಬಲ ಬೇಕಾಗುತ್ತದೆ. ಗಿಟಾರಿನಲ್ಲಿ ನಟ್ಟೇ ಕಂಬ. ತಂತಿಯ ಉದ್ದ ೬೪೮ ಮಿಲಿಮೀಟರು ಇರುವ ವಾದ್ಯದಲ್ಲಿ ಮೊದಲನೆಯ ಮೆಟ್ಟಿಲು ನಟ್ಟಿನಿಂದ ಸುಮಾರು ೩೬ ಮಿಲಿಮೀಟರು ದೂರದಲ್ಲಿದೆ, ಹನ್ನೆರಡನೆಯದು ಸರಿಯಾಗಿ ನಡುವೆ, ೩೨೪ ಮಿಲಿಮೀಟರಿನಲ್ಲಿದೆ. ಹೊಸಬರ ದುರದೃಷ್ಟವೇನೆಂದರೆ, ಅವರು ಮೊದಲು ಕಲಿಯುವ ಸ್ವರಗುಚ್ಛಗಳೆಲ್ಲ ಕಂಬದ ಮಗ್ಗುಲಲ್ಲೇ, ಮೊದಲ ಮೂರು ಮೆಟ್ಟಿಲುಗಳೊಳಗೇ ಇವೆ. ಅದರಲ್ಲಿಯೂ ಎಫ್ ಎಂಬ ಗುಚ್ಛದಲ್ಲಿ ತೋರುಬೆರಳೊಂದೇ ಆರು ತಂತಿಗಳನ್ನೂ ಮೊದಲ ಮೆಟ್ಟಿಲಿನಲ್ಲಿ ಅಡ್ಡಲಾಗಿ ಒತ್ತಬೇಕು. ನಟ್ಟು ಅರ್ಧ ಮಿಲಿಮೀಟರು ಎತ್ತರವಾಗಿದ್ದರೂ ಈ ಗುಚ್ಛ ಶಿಕ್ಷೆಯೇ ಆಗುತ್ತದೆ. ಗಿಟಾರು ಬಿಟ್ಟವರಲ್ಲಿ ಬಹುಮಂದಿ ಎಫ್ ಎಂಬ ಊರಿನಲ್ಲಿಯೇ ರೈಲು ಇಳಿದವರು.

ಹಾಗಾದರೆ ಕಾರ್ಖಾನೆಯವರು ಇದನ್ನು ಸರಿಮಾಡಿಯೇ ಏಕೆ ಕಳುಹಿಸಬಾರದು? ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ತಂತಿ ತೀರ ತಗ್ಗಾಗಿದ್ದರೆ ಅದು ಮೆಟ್ಟಿಲಿಗೆ ಬಡಿದು ಜುರ್ರೆನ್ನುತ್ತದೆ. ಆ ಸದ್ದು ಕೇಳಿದ ಕೊಳ್ಳುವವನು ವಾದ್ಯ ಒಡೆದಿದೆ ಎಂದು ಹಿಂದಿರುಗಿಸುತ್ತಾನೆ. ಎತ್ತರವಾಗಿದ್ದರೆ ಯಾರೂ ಹಿಂದಿರುಗಿಸುವುದಿಲ್ಲ. ತನ್ನ ಬೆರಳನ್ನೇ ಬೈದುಕೊಳ್ಳುತ್ತಾನೆ. ಅಲ್ಲದೆ ಮೂಳೆಯನ್ನು ಉಜ್ಜಿ ತಗ್ಗಿಸಬಹುದೇ ಹೊರತು ಉಜ್ಜಿ ಬೆಳೆಸಲಾಗದು. ಮರವೂ ಊರಿಂದೂರಿಗೆ ಹವೆಯೊಡನೆ ಹಿಗ್ಗಿ ಕುಗ್ಗುವ ಪದಾರ್ಥ. ಆದಕಾರಣ ಅವರು ಸ್ವಲ್ಪ ಎತ್ತರವಾಗಿ ಬಿಟ್ಟು, ಉಳಿದುದನ್ನು ಅಂಗಡಿಯವನಿಗೋ ಕೊಂಡವನಿಗೋ ಬಿಡುತ್ತಾರೆ. ಅಂಗಡಿಯವನು ಡಬ್ಬಿಯನ್ನು ಬಿಚ್ಚದೆಯೇ ಕೊಟ್ಟರೆ ಇಡೀ ಹೊರೆ ಕೊಂಡವನ ತಲೆಗೇ ಬರುತ್ತದೆ.

ಈ ತೊಂದರೆಗೆ ಒಂದು ಚರಿತ್ರೆಯೂ ಉಂಟು. ಹಿಂದೆ ಗಿಟಾರಿಗೆ ಕಟ್ಟುತ್ತಿದ್ದುದು ಕರುಳಿನ ತಂತಿ; ಅದರ ಎಳೆತ ಕಡಿಮೆ. ಸಾಕ್ಸನಿಯ ಮಾರ್ಕ್‌ನ್ಯೂಕಿರ್ಖೆನ್ ಎಂಬ ಊರಿನಲ್ಲಿ ೧೭೯೬ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ೧೮೩೩ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋಗಿ ಗಿಟಾರು ಮಾಡತೊಡಗಿದಾಗಲೂ ಕರುಳಿನ ತಂತಿಯೇ ರೂಢಿಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಅಮೆರಿಕದಲ್ಲಿ ಉಕ್ಕಿನ ತಂತಿ ಬಳಕೆಗೆ ಬಂದಿತು. ಸದ್ದು ಹೆಚ್ಚಿತು, ಎಳೆತವೂ ಹೆಚ್ಚಿತು. ಈಗ ಸಾಧಾರಣವಾಗಿ ಹಾಕುವ ಆರು ಉಕ್ಕಿನ ತಂತಿಗಳು ಒಟ್ಟಾಗಿ ೭೦ ಕಿಲೋಗ್ರಾಮಿಗೂ ಮಿಕ್ಕಿ ಎಳೆಯುತ್ತವೆ; ಒಂದೂವರೆ ಮೂಟೆ ಸಿಮೆಂಟನ್ನು ದಂಡಿಗೆ ತೂಗುಹಾಕಿದಂತೆ ಎಂದು ತಿಳಿಯಿರಿ. ಇಷ್ಟು ಎಳೆತಕ್ಕೆ ಮರದ ದಂಡಿ ಬಿಲ್ಲಿನಂತೆ ಬಾಗದಿರಲೆಂದು ದಂಡಿಯೊಳಗೆ ತಿರುಗಿಸಬಲ್ಲ ಒಂದು ಉಕ್ಕಿನ ಸರಳನ್ನು ಹುದುಗಿಸುವ ಉಪಾಯಕ್ಕೆ ಗಿಬ್ಸನ್ ಕಂಪೆನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತ ೧೯೨೩ರಲ್ಲಿ ಪೇಟೆಂಟು ಪಡೆದ. ಮಾರ್ಟಿನ್ ಕಂಪೆನಿಯವರು ಇಂಥ ಸರಳನ್ನು ಹಾಕತೊಡಗಿದ್ದು ೧೯೮೫ರಲ್ಲಿ. ಅದೇ ಮಾರ್ಟಿನ್ ಕಂಪೆನಿ, ಬ್ರೆಜಿಲಿನ ಬೀಟೆ ದುರ್ಲಭವಾದಾಗ, ೧೯೬೯ರಲ್ಲಿ ಭಾರತದ ಬೀಟೆಮರಕ್ಕೆ ತಿರುಗಿತು. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ, ಮೈಸೂರಿನ ಕೆತ್ತನೆಗಾರರು ಆನೆ ಕಡೆಯುವ ಅದೇ ಜಾತಿಯ ಮರ ಇಂದು ಪ್ರಪಂಚದ ಎಷ್ಟೋ ಗಿಟಾರುಗಳ ಬೆನ್ನಿನಲ್ಲಿಯೂ ಕುದುರೆಯಲ್ಲಿಯೂ ಇದೆ. ಆದುದರಿಂದ ಗಿಟಾರು ನಮಗೆ ತೀರ ಪರಕೀಯವೆನ್ನುವವರಿಗೆ ಬೀಟೆಯನ್ನು ಸಾಕ್ಷಿಯಾಗಿ ಕರೆಯಬಹುದು.

ಇನ್ನು ಕೆಲಸಕ್ಕೆ ಬರೋಣ. ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಅರ್ಧ ಮಿಲಿಮೀಟರಿನ ಗೆರೆಗಳುಳ್ಳ ಉಕ್ಕಿನ ಸ್ಕೇಲು, ಚೂಪಾದ ಪೆನ್ಸಿಲು, ಒಂದು ಗಾಜಿನ ತುಂಡು, ಒರಟು ಮತ್ತು ನಯವಾದ ಉಜ್ಜುಕಾಗದ, ಗಿಟಾರಿನ ಜೊತೆಗೆ ಬಂದ ಅಲೆನ್ ಕೀಲಿ. ಒಂದು ನಿಯಮವನ್ನು ಮೊದಲೇ ಹೇಳಬೇಕು. ಅಳತೆಯನ್ನೆಲ್ಲ ತಂತಿ ಪೂರ್ಣ ಶ್ರುತಿಯಲ್ಲಿರುವಾಗಲೇ ತೆಗೆಯತಕ್ಕದ್ದು. ಆರನೆಯ ದಪ್ಪ ತಂತಿ ಸೆಕೆಂಡಿಗೆ ಸುಮಾರು ೮೨ ಕಂಪನ, ಒಂದನೆಯ ಸಣ್ಣ ತಂತಿ ಸುಮಾರು ೩೩೦ ಕಂಪನ. ಎರಡಕ್ಕೂ ಎರಡು ಸ್ಥಾಯಿಗಳ ಅಂತರ. ಕೈಯಲ್ಲಿರುವ ಫೋನೇ ಇಂದು ಶ್ರುತಿ ತೋರಿಸುವುದರಿಂದ ಇದು ಕಷ್ಟವಲ್ಲ. ಸಡಿಲ ತಂತಿಯಲ್ಲಿ ದಂಡಿಯೂ ಹೊಟ್ಟೆಹಲಗೆಯೂ ಬೇರೆಯೇ ಆಕಾರದಲ್ಲಿರುತ್ತವೆ, ಆಗ ತೆಗೆದ ಅಳತೆ ಸುಳ್ಳು.

ಮೊದಲ ಕೆಲಸ ದಂಡಿಯ ಬಾಗು. ದಂಡಿ ಅಡಿಕೋಲಿನಂತೆ ನೇರವಾಗಿದ್ದರೆ ಒಳ್ಳೆಯದೆಂದು ತೋರಬಹುದು, ಅದು ನಿಜವಲ್ಲ. ತಂತಿ ಕಂಪಿಸುವಾಗ ನಡುವೆ ಹೆಚ್ಚು ಹರವಿಗೆ ಓಲಾಡುತ್ತದೆ. ಅದಕ್ಕೆ ಎಡೆ ಕೊಡಲು ದಂಡಿ ಕಣ್ಣಿಗೆ ಕಾಣದಷ್ಟು ಒಳಬಾಗಿರಬೇಕು. ಎಡಗೈಯಿಂದ ಆರನೆಯ ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿಯೂ, ಬಲಗೈಯ ಕಿರುಬೆರಳಿನಿಂದ ದಂಡಿ ಒಡಲನ್ನು ಸೇರುವ ಹದಿನಾಲ್ಕನೆಯ ಮೆಟ್ಟಿಲಿನಲ್ಲಿಯೂ ಒತ್ತಿಹಿಡಿಯಿರಿ. ಈಗ ತಂತಿಯೇ ನೇರವಾದ ಗೆರೆ. ಏಳನೆಯ ಮೆಟ್ಟಿಲಿನ ಮೇಲೆ ತಂತಿಯ ಅಡಿಯಲ್ಲಿ ಉತ್ತರಪತ್ರಿಕೆಯ ಎರಡು ಹಾಳೆ, ಎಂದರೆ ಸುಮಾರು ೦.೨ ಮಿಲಿಮೀಟರು, ತೂರುವಷ್ಟು ಸಂದಿದ್ದರೆ ದಂಡಿ ಸರಿಯಾಗಿದೆ; ಮುಟ್ಟಬೇಡಿ. ಐದಾರು ಹಾಳೆ ತೂರಿದರೆ ಬಾಗು ಹೆಚ್ಚು. ಸರಳಿನ ತಿರುಪನ್ನು ಬಲಕ್ಕೆ ಬಿಗಿಮಾಡಬೇಕು. ಸಂದೇ ಇಲ್ಲದಿದ್ದರೆ ಎಡಕ್ಕೆ ಸಡಿಲಿಸಬೇಕು. ಒಮ್ಮೆಗೆ ಗಡಿಯಾರದ ಮುಳ್ಳಿನ ಹತ್ತು ನಿಮಿಷದಷ್ಟು ತಿರುಗಿಸಿದರೆ ಸಾಕು. ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ. ಕೀಲಿ ತಿರುಗದೆ ಮೊಂಡುಹಿಡಿದರೆ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಒಳಗೆ ಮುರಿದ ಸರಳನ್ನು ತೆಗೆಯುವುದೆಂದರೆ ದಂಡಿಯನ್ನೇ ಸೀಳುವ ಕೆಲಸ. ತಂತಿಯ ಎತ್ತರ ತಗ್ಗಿಸುವುದಕ್ಕೆಂದೇ ಈ ತಿರುಪನ್ನು ತಿರುಗಿಸುವವರನ್ನು ಕಂಡಿದ್ದೇನೆ. ಇದರ ಕೆಲಸ ಬಾಗನ್ನು ಸರಿಪಡಿಸುವುದು ಮಾತ್ರ. ಎತ್ತರಕ್ಕೆ ನಟ್ಟು ಮತ್ತು ಜೀನು ಇವೆ.

ನಟ್ಟಿನ ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹೊಸಬರ ಕಣ್ಣೀರಿನ ಮುಕ್ಕಾಲು ಪಾಲು ಇಲ್ಲಿಯದೇ ಎಂಬುದು ನನ್ನ ಅಭಿಪ್ರಾಯ. ಆದರೂ ಜನ ಮೊದಲು ಕೈಹಾಕುವುದು ಜೀನಿಗೆ. ನನ್ನ ಕೊಠಡಿಯ ಮಿತ್ರನೊಬ್ಬ ಎರಡು ರಜೆಗಳಲ್ಲಿ ಕಾಫಿ ಕೊಯ್ಲಿಗೆ ಹೋಗಿ ಕೂಡಿಸಿದ ಹಣದಲ್ಲಿ ಗಿಟಾರು ತರಿಸಿದ್ದ. ವಾರ್ಷಿಕೋತ್ಸವದಲ್ಲಿ ಭಾವಗೀತೆಯ ತಂಡಕ್ಕೆ ಅವನೇ ಗಿಟಾರು ಎಂದು ಗೊತ್ತಾಗಿತ್ತು. ಆರು ವಾರ ಕಳೆದರೂ ಎಫ್ ಬಾರದು. ಕೊನೆಗೆ ಅರ್ಧ ಬೆಲೆಗೆ ಪ್ರಥಮ ವರ್ಷದ ಹುಡುಗನಿಗೆ ಮಾರಲು ಮಾತಾಡಿ ಬಂದ. "ಕೊಡ್ತೀನಿ ಕಣೋ, ನಾಳೆ ಬಂದು ತಗೊಂಡು ಹೋಗ್ತಾನೆ" ಎಂದ. ನಾನು ಅವನ ಗಿಟಾರಿನ ಮೊದಲ ಮೆಟ್ಟಿಲಿಗೆ ಕೇಪೋ ಎಂಬ ಹಿಡಿಕ್ಕಿಯನ್ನು ಹಾಕಿ, "ಈಗ ಎರಡನೆಯ ಮೆಟ್ಟಿಲಿನಲ್ಲಿ ಅದೇ ಗುಚ್ಛ ಹಿಡಿ" ಎಂದೆ. ಹಿಡಿದ. ಆರು ತಂತಿಗಳೂ ನುಡಿದವು. ಅವನು ನನ್ನ ಮುಖವನ್ನು ನೋಡಿದ. ಆಮೇಲೆ ತನ್ನ ಬೆರಳನ್ನು ನೋಡಿಕೊಂಡ.

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಹಿಡಿಕ್ಕಿ ಹಾಕಿದಾಗ ನಟ್ಟಿನ ಕೆಲಸವನ್ನು ಮೊದಲ ಮೆಟ್ಟಿಲೇ ಮಾಡುತ್ತದೆ, ನಟ್ಟಿಗೆ ರಜೆ. ಆಗ ಒಮ್ಮೆಲೆ ಸುಲಭವಾದರೆ ದೋಷ ನಟ್ಟಿನಲ್ಲಿದೆ ಎಂದು ಅರ್ಥ. ಇನ್ನೂ ಕಠಿಣವಾಗಿಯೇ ಇದ್ದರೆ ಜೀನಿನ ಕಡೆ ನೋಡಬೇಕು. ನಟ್ಟನ್ನು ಒಂದೊಂದು ತಂತಿಗೂ ಬೇರೆಯಾಗಿ ನೋಡುವುದೂ ಸುಲಭ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ಒತ್ತಿಹಿಡಿದು ಮೊದಲ ಮೆಟ್ಟಿಲಿನ ಮೇಲೆ ಕಣ್ಣಿಡಿ. ತಂತಿಗೂ ಮೆಟ್ಟಿಲಿಗೂ ಮಧ್ಯೆ ಕೂದಲೆಳೆಯಷ್ಟು ಸಂದಿರಬೇಕು. ಮೇಲಿನಿಂದ ತಟ್ಟಿದರೆ ಟಿಕ್ ಎಂದು ಸಣ್ಣಗೆ ಸದ್ದು ಬರಬೇಕು. ಹಗಲಿನಂತೆ ಬೆಳಕು ಕಂಡರೆ ಕಚ್ಚು ಎತ್ತರವಾಯಿತು. ಏನೂ ಸದ್ದು ಬಾರದೆ ತಂತಿ ಮೆಟ್ಟಿಲಿಗೆ ಅಂಟಿಕೊಂಡೇ ಇದ್ದರೆ ಕಚ್ಚು ಆಳವಾಯಿತು.

ತಗ್ಗಿಸಲು ಎರಡು ದಾರಿಗಳಿವೆ. ಆರೂ ಕಚ್ಚುಗಳು ಒಂದೇ ಸಮನಾಗಿ ಎತ್ತರವಾಗಿದ್ದರೆ ನಟ್ಟನ್ನೇ ಬಿಡಿಸಿಕೊಂಡು ಅದರ ತಳವನ್ನು ಉಜ್ಜುವುದು ಕ್ಷೇಮ. ನಟ್ಟನ್ನು ಸಾಮಾನ್ಯವಾಗಿ ಒಂದೆರಡು ಹನಿ ಗೋಂದಿನಿಂದ ಕೂರಿಸಿರುತ್ತಾರೆ. ಸುತ್ತಲಿನ ಬಣ್ಣದ ಪದರವನ್ನು ಬ್ಲೇಡಿನಿಂದ ಗೀರಿ, ಮರದ ತುಂಡನ್ನು ಅಡ್ಡವಿಟ್ಟು ಮೆಲ್ಲಗೆ ತಟ್ಟಿದರೆ ಕಳಚುತ್ತದೆ. ಒಂದೆರಡು ಕಚ್ಚುಗಳು ಮಾತ್ರ ಎತ್ತರವಾಗಿದ್ದರೆ ಆಯಾ ಕಚ್ಚನ್ನೇ ಅರದಿಂದ ಆಳಮಾಡಬೇಕು. ಇದಕ್ಕೆಂದೇ ಮಾಡಿದ ಅರಗಳು ದುಬಾರಿ. ನಮ್ಮೂರ ಪೇಟೆಯಲ್ಲಿ ಚಿನ್ನದ ಕೆಲಸದ ಆಚಾರ್ರು ತಮ್ಮ ಅತಿ ಸಣ್ಣ ಅರವನ್ನು ಒಂದು ಸಂಜೆಯ ಮಟ್ಟಿಗೆ ಕೊಟ್ಟರು. ಕೊಡುವಾಗ, "ನಿಧಾನ ಮಾಡು ಮಾರಾಯ, ತೆಗೆದದ್ದನ್ನ ಮತ್ತೆ ಇಡೋಕಾಗಲ್ಲ" ಎಂದರು. ಈ ಕೆಲಸದ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದೆ. ಎರಡು ಸಲ ಉಜ್ಜಬೇಕು, ತಂತಿ ಕೂರಿಸಿ ಶ್ರುತಿ ಮಾಡಿ ನೋಡಬೇಕು, ಮತ್ತೆ ಎರಡು ಸಲ ಉಜ್ಜಬೇಕು. ಕಚ್ಚಿನ ಅಗಲ ತಂತಿಯ ದಪ್ಪಕ್ಕೆ ಸರಿಯಾಗಿದ್ದು, ತಳ ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು. ತಂತಿ ಕಚ್ಚನ್ನು ಬಿಡುವ ಕೊನೆಯ ಬಿಂದು ಮೆಟ್ಟಿಲುಗಳ ಕಡೆಯ ಅಂಚಿನಲ್ಲಿಯೇ ಇರಬೇಕು. ಇಲ್ಲದಿದ್ದರೆ ಸ್ವರ ಕೊಂಕುತ್ತದೆ, ಸಿತಾರಿನಂತೆ ಕರಕರ ಎನ್ನುತ್ತದೆ. ಕೊನೆಗೆ ಕಚ್ಚಿನೊಳಗೆ ಪೆನ್ಸಿಲಿನ ಪುಡಿ ಸ್ವಲ್ಪ ಹಾಕಿದರೆ ಬಿರಡೆ ತಿರುಗಿಸುವಾಗ ತಂತಿ ಕಚ್ಚಿಕೊಳ್ಳದೆ ಜಾರುತ್ತದೆ. ಕಚ್ಚು ಕೈಮೀರಿ ಆಳವಾದವರು ಅಡಿಗೆ ಸೋಡಾದ ಪುಡಿ ತುಂಬಿ ಮೇಲೆ ಒಂದು ತೊಟ್ಟು ಫೆವಿಕ್ವಿಕ್ ಬಿಟ್ಟು, ಗಟ್ಟಿಯಾದ ಮೇಲೆ ಮತ್ತೆ ಕೊರೆಯುವುದುಂಟು. ಅದು ತೇಪೆ, ಹೊಸ ನಟ್ಟು ಹಾಕಿಸುವುದೇ ಮೇಲು.

ಜೀನಿನ ಕೆಲಸ ಇದಕ್ಕಿಂತ ಸುಲಭ, ಏಕೆಂದರೆ ಅದು ಕುದುರೆಯ ಕಾಲುವೆಯಲ್ಲಿ ಸುಮ್ಮನೆ ಕೂತಿರುತ್ತದೆ. ಹನ್ನೆರಡನೆಯ ಮೆಟ್ಟಿಲಿನ ನೆತ್ತಿಯಿಂದ ತಂತಿಯ ಅಡಿಯವರೆಗೆ ಅಳೆಯಬೇಕು. ಆರನೆಯ ತಂತಿಗೆ ೨.೪ರಿಂದ ೨.೮, ಒಂದನೆಯ ತಂತಿಗೆ ೧.೬ರಿಂದ ೨ ಮಿಲಿಮೀಟರು ಇದ್ದರೆ ಉಕ್ಕಿನ ತಂತಿಯ ಗಿಟಾರಿಗೆ ಹದವಾದ ಎತ್ತರ. ನೈಲಾನ್ ತಂತಿಯದಾದರೆ ಇದಕ್ಕಿಂತ ಒಂದು ಮಿಲಿಮೀಟರು ಹೆಚ್ಚು ಬೇಕು. ಅದರ ಎಳೆತ ಕಡಿಮೆ, ಓಲಾಟ ಹೆಚ್ಚು. ಮಿತ್ರನ ಗಿಟಾರಿನಲ್ಲಿ ಮೊದಲು ೩.೮ ಮತ್ತು ೩ ಮಿಲಿಮೀಟರು ಇತ್ತು. ದಂಡಿ ಮತ್ತು ನಟ್ಟು ಸರಿಹೋದ ಮೇಲೆ ತಾನಾಗಿಯೇ ೩.೫ ಮತ್ತು ೨.೭ಕ್ಕೆ ಇಳಿದಿತ್ತು, ಜೀನನ್ನು ಕಡೆಗೆ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕೇ. ಇನ್ನು ೦.೯ ಮಿಲಿಮೀಟರು ಇಳಿಸಬೇಕು. ಹಾಗೆಂದು ಜೀನಿನಿಂದ ೦.೯ ತೆಗೆದರೆ ಸಾಲದು. ಗೋಡೆಗೆ ಒರಗಿಸಿದ ಏಣಿಯ ಮೇಲ್ತುದಿಯನ್ನು ಎರಡು ಮೊಳ ಇಳಿಸಿದರೆ ನಡುವಿನ ಮೆಟ್ಟಿಲು ಇಳಿಯುವುದು ಒಂದೇ ಮೊಳ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದರಿಂದ ಜೀನನ್ನು ಇದರ ಇಮ್ಮಡಿ, ಎಂದರೆ ೧.೮ ಮಿಲಿಮೀಟರು ತಗ್ಗಿಸಬೇಕಾಯಿತು.

ತಂತಿಗಳನ್ನು ಪೂರ್ತಿ ಸಡಿಲಿಸಿ, ಗೂಟಗಳನ್ನು ಕಿತ್ತು, ಜೀನನ್ನು ಇಕ್ಕಳದಿಂದ ನೆಟ್ಟಗೆ ಮೇಲಕ್ಕೆತ್ತಬೇಕು. ಯಾವ ತುದಿ ದಪ್ಪ ತಂತಿಯದೆಂದು ಗುರುತು ಹಾಕಿಕೊಳ್ಳಿ. ತಳದಿಂದ ೧.೮ ಮಿಲಿಮೀಟರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಗಾಜಿನ ಮೇಲೆ ಉಜ್ಜುಕಾಗದ ಹಾಸಿ, ಜೀನನ್ನು ನೇರವಾಗಿ ಹಿಡಿದು ತಳವನ್ನು ಉಜ್ಜಬೇಕು. ಉಜ್ಜುವುದು ತಳವನ್ನೇ, ನೆತ್ತಿಯನ್ನಲ್ಲ. ನೆತ್ತಿಯ ದುಂಡುತನವನ್ನೂ ಓರೆಯನ್ನೂ ಕಾರ್ಖಾನೆಯವರು ಲೆಕ್ಕವಿಟ್ಟು ಕಡೆದಿರುತ್ತಾರೆ. ತಳ ಸಮತಟ್ಟಾಗಿಲ್ಲದಿದ್ದರೆ ಕೆಲವು ತಂತಿಗಳ ಸದ್ದು ಕುಗ್ಗುತ್ತದೆ. ಗೆರೆಗೆ ಇನ್ನೂ ಸ್ವಲ್ಪ ಉಳಿದಿರುವಾಗಲೇ ಒಮ್ಮೆ ಕೂರಿಸಿ ತಂತಿ ಬಿಗಿದು ನೋಡುವುದು ಜಾಣತನ. ಕುದುರೆಯ ಮೇಲೆ ಕಾಣುವ ಜೀನು ಒಂದೂವರೆ ಎರಡು ಮಿಲಿಮೀಟರಿಗಿಂತ ಕಡಿಮೆಯಾಗುವ ಲಕ್ಷಣವಿದ್ದರೆ ನಿಲ್ಲಿಸಿರಿ. ಆಗ ತೊಂದರೆ ಇರುವುದು ದಂಡಿಯನ್ನು ಒಡಲಿಗೆ ಜೋಡಿಸಿದ ಕೋನದಲ್ಲಿ. ಅದು ಹಾಸ್ಟೆಲಿನ ಮೇಜಿನ ಮೇಲೆ ಆಗುವ ಕೆಲಸವಲ್ಲ. ಹೊಸ ವಾದ್ಯವಾದರೆ ಅದನ್ನು ಹಿಂದಿರುಗಿಸುವುದಕ್ಕೆ ಸಂಕೋಚಪಡಬಾರದು.

ಎತ್ತರಕ್ಕೂ ಶ್ರುತಿಗೂ ಇರುವ ನಂಟು ಬಹುಮಂದಿಗೆ ತಿಳಿಯದು. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದಾಗ ಸ್ವರ ಏರುತ್ತದೆ. ಎತ್ತರ ಹೆಚ್ಚಿದಷ್ಟೂ ಈ ಏರಿಕೆ ಹೆಚ್ಚು. ಬಿಡಿ ತಂತಿಗಳೆಲ್ಲ ಸರಿಯಾಗಿದ್ದೂ ಗುಚ್ಛ ಹಿಡಿದೊಡನೆ ಅಪಶ್ರುತಿಯಾಗುವುದು ಇದರಿಂದಲೇ. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೋ ಗೆಲಿಲಿ ಎಂಬ ಸಂಗೀತಗಾರ ೧೫೮೧ರಲ್ಲಿ ಲ್ಯೂಟ್ ವಾದ್ಯಕ್ಕೆ ಒಂದು ಸೂತ್ರ ಹೇಳಿದ: ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗಕ್ಕೆ ಒಂದೊಂದು ಮೆಟ್ಟಿಲು ಹಾಕುತ್ತ ಹೋಗಬೇಕು. ಲೆಕ್ಕ ಮಾಡಿ ನೋಡಿದರೆ ೬೪೮ ಮಿಲಿಮೀಟರಿನ ತಂತಿಗೆ ಹನ್ನೆರಡನೆಯ ಮೆಟ್ಟಿಲು ನಡುಬಿಂದುವಿಗಿಂತ ಎರಡು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಹಿಂದೆಯೇ ಬೀಳುತ್ತದೆ. ಗಣಿತದ ಕಣ್ಣಿಗೆ ಇದು ತಪ್ಪು. ಆದರೆ ಒತ್ತಿದಾಗ ಏರುವ ಸ್ವರವನ್ನು ಈ ಕೊರತೆ ಸರಿದೂಗಿಸುತ್ತದೆಯಾದ್ದರಿಂದ ಕಿವಿಗೆ ಒಪ್ಪುತ್ತಿತ್ತು. ಇಂದಿನ ಕಾರ್ಖಾನೆಗಳು ೧೮ರ ಬದಲು ೧೭.೮೧೭ ಎಂಬ ಸಂಖ್ಯೆಯಿಂದ ಮೆಟ್ಟಿಲು ಹಾಕಿ, ಏರಿಕೆಗೆ ಪರಿಹಾರವಾಗಿ ಜೀನನ್ನು ಹಿಂದೆ ಸರಿಸಿ ಓರೆಯಾಗಿ ಕೂರಿಸುತ್ತವೆ. ನಮ್ಮ ವೀಣೆ ಮಾಡುವವರಿಗೆ ಈ ತೊಡಕೇ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವ ಊರೆಂದು ಹೆಸರಾದುದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ, ಕಿವಿಯಿಂದ ಕೇಳಿ ಕೂರಿಸುತ್ತಾರೆ, ಸರಿಬಾರದಿದ್ದರೆ ಸರಿಸುತ್ತಾರೆ. ಗಿಟಾರಿನ ಮೆಟ್ಟಿಲು ಒಮ್ಮೆ ಬಡಿದರೆ ಬಡಿದಂತೆ.

ಎಲ್ಲ ಆದ ಮೇಲೆ ಜುರ್ರೆನ್ನುವ ಸದ್ದು ಕೇಳಿದರೆ ಗಾಬರಿ ಬೇಡ, ಅದು ಎಲ್ಲಿಂದ ಬರುತ್ತದೆಂದು ನೋಡಿ. ತಂಬೂರಿಗೆ ಜೀವಾಳದ ದಾರವಿಟ್ಟು ನಾವೇ ಬರಿಸಿಕೊಳ್ಳುವ ಝೇಂಕಾರ ಗಿಟಾರಿಗೆ ದೋಷವೆನಿಸುವುದು ವಿನೋದವೇ ಸರಿ. ಬಿಡಿ ತಂತಿಯಲ್ಲಿ ಮಾತ್ರ ಬಂದರೆ ನಟ್ಟಿನ ಕಚ್ಚು ಆಳವಾಗಿದೆ. ಮೊದಲ ನಾಲ್ಕೈದು ಮೆಟ್ಟಿಲುಗಳಲ್ಲಿ ಬಂದರೆ ದಂಡಿಗೆ ಬಾಗು ಸಾಲದು. ಮೇಲಿನ ಮೆಟ್ಟಿಲುಗಳಲ್ಲೆಲ್ಲ ಬಂದರೆ ಜೀನು ತಗ್ಗಾಯಿತು. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಮೆಟ್ಟಿಲು ಎದ್ದಿದೆ. ಬಲವಾಗಿ ಮೀಟಿದಾಗ ಮಾತ್ರ ಬಂದರೆ ಮೀಟುವ ಕೈಯನ್ನು ಸ್ವಲ್ಪ ಹಗುರಮಾಡಿ.

ಅರ, ಉಜ್ಜುಕಾಗದ ಇವೆಲ್ಲ ಬೇಡವೆನ್ನುವವರಿಗೆ ಒಂದು ಸುಲಭೋಪಾಯವಿದೆ: ತಂತಿ ಬದಲಾಯಿಸುವುದು. ಪ್ಯಾರಿಸ್ಸಿನ ಪಾದ್ರಿ ಮೆರ್ಸೆನ್ ೧೬೩೬ರಲ್ಲಿ ತಂತಿಯ ನಿಯಮಗಳನ್ನು ಪ್ರಕಟಿಸಿದ. ಅದರಂತೆ, ಉದ್ದವೂ ಶ್ರುತಿಯೂ ಒಂದೇ ಆಗಿದ್ದರೆ ಎಳೆತವು ತಂತಿಯ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೊಸ ಗಿಟಾರಿನಲ್ಲಿ ಒಂದನೆಯ ತಂತಿ ಸಾಮಾನ್ಯವಾಗಿ ೦.೦೧೨ ಅಂಗುಲ ದಪ್ಪವಿರುತ್ತದೆ. ಅದನ್ನು ತೆಗೆದು ೦.೦೧೦ ಅಂಗುಲದ್ದು ಹಾಕಿದರೆ ಎಳೆತ ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಸದ್ದೂ ಸ್ವಲ್ಪ ತೆಳುವಾಗುತ್ತದೆ, ಆದರೆ ಕಲಿಯುವವನಿಗೆ ಇದು ನಷ್ಟವಲ್ಲ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಕಟ್ಟಿದರೂ ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ತೆಳು ತಂತಿ ಹಾಕಿದ ಮೇಲೆ ದಂಡಿಯ ಬಾಗನ್ನು ಇನ್ನೊಮ್ಮೆ ನೋಡಬೇಕು, ಎಳೆತ ತಗ್ಗಿದ ದಂಡಿ ಹಿಂದಕ್ಕೆ ನೆಟ್ಟಗಾಗುತ್ತದೆ. ಇದರ ವಿಲೋಮವನ್ನು ಮಾತ್ರ ಯಾರೂ ಮಾಡಬಾರದು: ನೈಲಾನ್ ತಂತಿಗೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದರೆ ಸುಮಾರು ೪೦ ಕಿಲೋಗ್ರಾಮಿಗೆ ಕಟ್ಟಿದ ಒಡಲ ಮೇಲೆ ೭೦ ಕಿಲೋಗ್ರಾಮು ಬಿದ್ದು ಕುದುರೆ ಕಿತ್ತುಬರುತ್ತದೆ.

ಮಿತ್ರನ ಗಿಟಾರು ಮಾರಾಟವಾಗಲಿಲ್ಲ. ಪ್ರಥಮ ವರ್ಷದ ಹುಡುಗ ಬಂದಾಗ ಅವನಿಗೆ ಚಹಾ ಕುಡಿಸಿ ಕಳುಹಿಸಿದೆವು. ವಾರ್ಷಿಕೋತ್ಸವದಲ್ಲಿ ನುಡಿಸಿದ್ದು ಹೇಗಿತ್ತೆಂಬುದನ್ನು ಕೇಳಿದವರು ಹೇಳಬೇಕು. ಎಫ್ ಬಂದಲ್ಲೆಲ್ಲ ಬಂದಿತು ಎಂಬುದಕ್ಕೆ ಮಾತ್ರ ನಾನು ಸಾಕ್ಷಿ.

ಒಮ್ಮೆ ಹದ ಮಾಡಿದರೆ ಮುಗಿಯಿತೆಂದು ತಿಳಿಯಬಾರದು. ಗಿಟಾರಿಗೆ ಗಾಳಿಯ ತೇವ ನೂರಕ್ಕೆ ೪೫ರಿಂದ ೫೫ ಇದ್ದರೆ ಸುಖ. ನಮ್ಮ ಮಲೆನಾಡಿನ ಆಷಾಢದಲ್ಲಿ ಪುಸ್ತಕದ ರಟ್ಟಿಗೂ ಬೂಸಲು ಹಿಡಿಯುತ್ತದೆ. ಮರ ನೀರು ಕುಡಿದು ಹೊಟ್ಟೆಹಲಗೆ ಉಬ್ಬುತ್ತದೆ, ಕುದುರೆ ಮೇಲೇಳುತ್ತದೆ, ತಂತಿಯ ಎತ್ತರ ಹೆಚ್ಚುತ್ತದೆ. ಬೇಸಿಗೆಯಲ್ಲಿ, ಅದರಲ್ಲಿಯೂ ರಾಯಚೂರು ಕಲಬುರ್ಗಿಗಳ ಕಡೆ, ಹಲಗೆ ಒಣಗಿ ಕುಸಿಯುತ್ತದೆ. ಮರ ಕುಗ್ಗಿ ಮೆಟ್ಟಿಲುಗಳ ತುದಿ ಹೊರಚಾಚಿ ಅಂಗೈಯನ್ನು ಕೆರೆಯುತ್ತದೆ. ಆದ್ದರಿಂದ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಟ್ಟು, ವರ್ಷಕ್ಕೆ ಎರಡು ಸಲ ತಾಳೆ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಎತ್ತರವಾಯಿತೆಂದು ಜೀನನ್ನು ಉಜ್ಜಿಬಿಟ್ಟರೆ ಮಾಘದಲ್ಲಿ ಆರೂ ತಂತಿಗಳು ಜುರ್ರೆನ್ನುತ್ತವೆ. ನಾನು ಈಗ ಎರಡು ಜೀನು ಇಟ್ಟುಕೊಂಡಿದ್ದೇನೆ, ಒಂದು ಮಳೆಗಾಲದ್ದು, ಒಂದು ಬೇಸಿಗೆಯದು.

ಇಷ್ಟೆಲ್ಲ ಹೇಳಿದ ಮೇಲೆ, ತಂತಿ ಎತ್ತರವಾಗಿರಲೇಬೇಕಾದ ವಾದನವೂ ಒಂದುಂಟೆಂದು ತಿಳಿಸದಿದ್ದರೆ ಅನ್ಯಾಯವಾದೀತು. ಗಿಟಾರನ್ನು ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಕೋಲನ್ನು ಜಾರಿಸುತ್ತ ನುಡಿಸುವ ಹವಾಯಿ ಪದ್ಧತಿಯಲ್ಲಿ ಕೋಲು ಮೆಟ್ಟಿಲಿಗೆ ತಾಗಲೇಬಾರದು. ಬ್ರಿಜಭೂಷಣ ಕಾಬ್ರಾ ಅವರು ಈ ಪದ್ಧತಿಯಲ್ಲಿಯೇ ಗಿಟಾರಿನ ಮೇಲೆ ಹಿಂದುಸ್ಥಾನಿ ರಾಗಗಳನ್ನು ನುಡಿಸಿದರು. ಶಿವಕುಮಾರ ಶರ್ಮ ಮತ್ತು ಹರಿಪ್ರಸಾದ ಚೌರಾಸಿಯಾ ಅವರೊಡನೆ ೧೯೬೭ರಲ್ಲಿ ಅವರು ಹೊರತಂದ 'ಕಾಲ್ ಆಫ್ ದ ವ್ಯಾಲಿ' ಎಂಬ ಧ್ವನಿಮುದ್ರಿಕೆ ಹೆಸರಾದುದು. ಮೀಂಡು ಗಮಕಗಳಿಗೆ ಮೆಟ್ಟಿಲು ಅಡ್ಡಿಯಾದಾಗ ತಂತಿಯನ್ನು ಮೆಟ್ಟಿಲಿನಿಂದಲೇ ಬಿಡುಗಡೆ ಮಾಡುವ ದಾರಿ ಇದು. ನಮ್ಮ ಹಾಸ್ಟೆಲಿನ ಮಂಚದ ಕೆಳಗೆ ಉಳಿದಿರುವ ಮೂರು ಗಿಟಾರುಗಳಲ್ಲಿ ಒಂದರ ಒಡೆಯನಿಗೆ ಹಿಂದುಸ್ಥಾನಿ ಸಂಗೀತದ ಹುಚ್ಚಿದೆ. ಅವನ ನಟ್ಟನ್ನು ನಾನು ಮುಟ್ಟುವುದಿಲ್ಲ. ನಟ್ಟಿನ ಮೇಲೆ ಕವಚಿ ಕೂರಿಸುವ ಒಂದು ಲೋಹದ ಪಟ್ಟಿ ದೊರೆಯುತ್ತದೆ. ಅದನ್ನು ಹಾಕಿದರೆ ತಂತಿಗಳು ಇನ್ನೂ ಮೇಲೇಳುತ್ತವೆ. ಅದನ್ನು ತರಿಸಲು ಹೇಳಿದ್ದೇನೆ.